ಅರ್ಧ ಟ್ಯಾಂಕಿನ ಡೆಲ್ಮರ್

ನಮ್ಮ ಪಕ್ಕದ ಮನೆಯ ಡೆಲ್ಮರ್ ಟ್ವೈಟ್‌ಗೆ ಚಳಿಗಾಲ ಶುರುವಾಗುತ್ತಿದ್ದುದು ಆಗಸ್ಟಿನಲ್ಲಿ. ಉಳಿದವರೆಲ್ಲ ಸೊಳ್ಳೆ ಹೊಡೆದುಕೊಳ್ಳುತ್ತ ಟೊಮೇಟೊ ಕೀಳುತ್ತಿರುವಾಗ ಅವನು ಚಳಿಗಾಳಿ ನುಗ್ಗದಂತೆ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು ಬಿಗಿ ಮಾಡುತ್ತಿದ್ದ. ಒಳಗೆ ಸೆಕೆ ತಡೆಯಲಾಗದೆ ಅವನ ಹೆಂಡತಿ ಲವೋನ್ ಹಿತ್ತಲ ಮೆಟ್ಟಿಲಿಗೆ ಬಂದು ಕೂತು, ಚರ್ಚಿನ ಕರಪತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು.

ನಮ್ಮ ಉತ್ತರ ಡಕೋಟದಲ್ಲಿ ಹಿಮಕ್ಕೆ ಸಿದ್ಧವಾಗದೆ ಬದುಕುವವರು ಯಾರೂ ಇಲ್ಲ, ನಿಜ. ನನ್ನ ಗಂಡ ರಾಯ್ಸ್ ಕೂಡ ಕಾರಿನಲ್ಲಿ ಒಂದು ಸಲಿಕೆ, ಒಂದು ಕಂಬಳಿ ಇಡುತ್ತಾನೆ. ರಾತ್ರಿ ಎಂಜಿನ್ ಹೆಪ್ಪುಗಟ್ಟದಂತೆ ಅದನ್ನು ಬೆಚ್ಚಗಿಡುವ ಹೀಟರಿನ ವಯರನ್ನು ಕರೆಂಟಿಗೆ ಸಿಕ್ಕಿಸುತ್ತಾನೆ. ಅಷ್ಟಾದರೆ ಆಯಿತು ಅಂತ ನಾವು ಮಲಗುವವರು. ಡೆಲ್ಮರ್‌ಗೆ ಅದು ಆರಂಭ ಮಾತ್ರ. ಅವನ ಕಾರಿನ ಡಿಕ್ಕಿಯಲ್ಲಿ ಚಕ್ರ ಜಾರದಂತೆ ನಾಲ್ಕು ಮೂಟೆ ಮರಳು, ಹಗ್ಗ, ದಾರಿಯಲ್ಲಿ ಹಚ್ಚಿಡುವ ಬೆಳಕಿನ ಕಡ್ಡಿಗಳು, ಮೇಣದಬತ್ತಿ ತುಂಬಿದ ಕಾಫಿ ಡಬ್ಬಿ. ಅಲ್ಲಿ ಹಿಡಿಸದ್ದೆಲ್ಲ ಒಂದು ದೊಡ್ಡ ಕಿತ್ತಳೆ ಚೀಲದಲ್ಲಿ ಮುಂದಿನ ಸೀಟಿನ ಮೇಲೆ. ಆ ಚೀಲ ಎಷ್ಟು ಭಾರವೆಂದರೆ, ಬೆಲ್ಟ್ ಹಾಕದಿದ್ದರೆ ಕಾರು ಅದನ್ನು ಮನುಷ್ಯನೆಂದೇ ತಿಳಿದು ಕುಯ್ಯೋ ಎಂದು ಕೂಗುತ್ತಿತ್ತು. ಹಾಗಾಗಿ ಚೀಲಕ್ಕೆ ಬೆಲ್ಟ್. ಹೆಂಡತಿಗೆ ಹಿಂದಿನ ಸೀಟು.

ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದವನು ನಿವೃತ್ತನಾದ ಮೇಲೆ ಊರನ್ನೇ ತೂಗತೊಡಗಿದ. ಅಕ್ಟೋಬರ್ ಬಂತೆಂದರೆ ಚರ್ಚಿನ ಅಂಗಳದಲ್ಲಿ ನಿಂತ ಕಾರುಗಳ ಟೈರಿಗೆಲ್ಲ ಬೆರಳಿಟ್ಟು ನೋಡುವುದು, ಕಿಟಕಿಗೆ ಮೂಗೊತ್ತಿ ಪೆಟ್ರೋಲಿನ ಮುಳ್ಳು ಎಲ್ಲಿದೆ ಅಂತ ಇಣುಕುವುದು. ಒಮ್ಮೆ ನನ್ನ ಕಾರಿಗೂ ಇಣುಕಿದ.

"ಜಾನಿಸ್, ನಿನ್ ಟ್ಯಾಂಕು ಅರ್ಧಕ್ಕಿಂತ ಕೆಳಗಿದೆ ಕಣೇ."

"ಪೆಟ್ರೋಲ್ ಬಂಕು ನಮ್ಮನೆ ಎದುರುಗಡೇನೇ ಇದೆಯಲ್ಲೋ ಡೆಲ್ಮರ್."

"ಬಂಕು ಇರುತ್ತೆ. ನೀನಿರ್ತೀಯಾ?"

ಊರಿನವರು ಅವನಿಗೆ 'ಅರ್ಧ ಟ್ಯಾಂಕ್' ಎಂದು ಹೆಸರಿಟ್ಟಿದ್ದರು. ಅದು ಗೌರವವೆಂದೇ ಅವನು ತಿಳಿದಿದ್ದ.

ಪ್ರತಿ ವರ್ಷ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಊರೂಟದಲ್ಲಿ, ಎಲ್ಲರೂ ತಿನ್ನತೊಡಗುವ ಮುಂಚೆ, ಅವನ ಭಾಷಣವೂ ಇರುತ್ತಿತ್ತು. ತಾನು ಹನ್ನೊಂದು ವರ್ಷದವನಾಗಿದ್ದಾಗ ಹಿಮಗಾಳಿಗೆ ಸಿಕ್ಕಿ, ಅಪ್ಪನ ಜೊತೆ ಲಾರಿಯೊಳಗೆ ಮೂರು ದಿನ, ಒಂದೇ ಚಾಕಲೇಟು ಹಂಚಿಕೊಂಡು ಬದುಕಿದ ಕಥೆ. ಓವನ್ನಿನಲ್ಲಿ ಬೇಯಿಸಿ ತಂದ ಆಲೂಗಡ್ಡೆ ಹಾಟ್‌ಡಿಶ್ ತಣ್ಣಗಾಗುತ್ತಿದ್ದರೂ ಯಾರೂ ಚಮಚ ಮುಟ್ಟುತ್ತಿರಲಿಲ್ಲ. ಸಾವಿನ ದವಡೆಯಿಂದ ಬಂದವನ ಎದುರು ತಿನ್ನುವುದು ಹೇಗೆ?

ಅವನಿಗಿದ್ದ ಒಂದೇ ಕೊರಗು, ಅಷ್ಟೆಲ್ಲ ಸಿದ್ಧತೆಗೆ ತಕ್ಕ ಆಪತ್ತು ಬರಲಿಲ್ಲ ಎಂಬುದು. ಜನರೇಟರ್ ತಂದು ಒಂಬತ್ತು ವರ್ಷವಾಗಿತ್ತು. ಕರೆಂಟು ಒಮ್ಮೆಯೂ ಒಂದು ಗಂಟೆಗಿಂತ ಹೆಚ್ಚು ಹೋಗಿರಲಿಲ್ಲ. ವಿದ್ಯುತ್ ಇಲಾಖೆಯವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂಬಂತೆ ಅವನು ಕಂಬಗಳನ್ನು ದುರುಗುಟ್ಟಿ ನೋಡುತ್ತಿದ್ದ.

ಆ ವರ್ಷ ಜನವರಿಯ ಎರಡನೇ ವಾರ ದೊಡ್ಡ ಹಿಮಗಾಳಿ ಬರುತ್ತದೆಂದು ರೇಡಿಯೋ ಹೇಳಿದ್ದೇ ತಡ, ಡೆಲ್ಮರ್‌ನ ಮುಖದಲ್ಲಿ ಮದುವೆಮನೆಯ ಕಳೆ ಬಂತು. ಮಂಗಳವಾರ ಬೆಳಗ್ಗೆ ಅವನ ಹಿತ್ತಲ ಬಾಗಿಲಿನಿಂದ ನಮ್ಮ ಹಿತ್ತಲ ಬಾಗಿಲಿಗೆ ಹಗ್ಗ ಕಟ್ಟಿದ. ಹಿಮದಲ್ಲಿ ಕಣ್ಣು ಕಾಣದಿದ್ದರೆ ಹಗ್ಗ ಹಿಡಿದು ಬರಬಹುದಂತೆ.

"ನಿಮಗೇನಾದ್ರೂ ಆದ್ರೆ ನಮ್ಮನೆಗೆ ಬನ್ನಿ. ಸಂಕೋಚ ಬೇಡ," ಎಂದ.

"ಊಟಕ್ಕಿದೆಯೇನೋ?" ಎಂದು ರಾಯ್ಸ್ ಕೇಳಿದ.

"ಆರು ವಾರಕ್ಕಿದೆ."

"ಹಾಗಾದ್ರೆ ಏಳನೇ ವಾರ ನೀನೇ ಇಲ್ಲಿಗೆ ಬಾ."

ಡೆಲ್ಮರ್ ನಗಲಿಲ್ಲ. ಆಪತ್ತಿನ ವಿಷಯದಲ್ಲಿ ಅವನು ನಗುವುದಿಲ್ಲ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಎದುರಿನ ಬಂಕು ಮಾಯವಾಯಿತು, ಆಮೇಲೆ ರಸ್ತೆ, ಆಮೇಲೆ ನಮ್ಮದೇ ಅಂಚೆಪೆಟ್ಟಿಗೆ. ಆದರೆ ಕರೆಂಟು ಮಾತ್ರ ಹೋಗಲಿಲ್ಲ. ಇಡೀ ಊರು ಬೆಚ್ಚಗೆ ಟೀವಿ ನೋಡುತ್ತ ಕೂತಿತ್ತು. ಬುಧವಾರ ಬೆಳಗ್ಗೆಯೂ ದೀಪ ಉರಿಯುತ್ತಲೇ ಇತ್ತು. ಡೆಲ್ಮರ್ ಬೂಟು ಹಾಕಿಕೊಂಡು, ಟಾರ್ಚು ಕೈಯಲ್ಲಿ ಹಿಡಿದು, ಬಲ್ಬನ್ನೇ ನೋಡುತ್ತ ಅಡುಗೆಮನೆಯಲ್ಲಿ ಕೂತಿದ್ದನಂತೆ. ಇದನ್ನು ಲವೋನ್ ನನಗೆ ಆಮೇಲೆ ಹೇಳಿದಳು.

ಮಧ್ಯಾಹ್ನ ಹನ್ನೆರಡಕ್ಕೆ ಅವನ ತಾಳ್ಮೆ ತೀರಿತು. ನೆಲಮಾಳಿಗೆಗೆ ಇಳಿದು ತನ್ನ ಮನೆಯ ಮೇನ್ ಸ್ವಿಚ್ಚನ್ನು ತಾನೇ ಆರಿಸಿ, ಹೊರಗೆ ಹೋಗಿ ಜನರೇಟರ್ ಶುರು ಮಾಡಿದ. ಊರೆಲ್ಲ ಬೆಳಕಿರುವಾಗ ಅವನೊಬ್ಬನ ಮನೆಯ ಹಿಂದೆ ಯಂತ್ರ ಗುಡುಗತೊಡಗಿತು.

ಆ ಹೊತ್ತಿಗೆ ಲವೋನ್‌ಳ ಓವನ್ನಿನಲ್ಲಿ ಏಲಕ್ಕಿ ಬ್ರೆಡ್ಡು ಉಬ್ಬುತ್ತಿತ್ತು.

"ಏನಾಯ್ತು? ಓವನ್ ಯಾಕೆ ಆರ್‌ಹೋಯ್ತು?"

"ಓವನ್ ಪಟ್ಟಿಯಲ್ಲಿಲ್ಲ," ಎಂದು ಡೆಲ್ಮರ್ ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿದ. "ತುರ್ತು ಹೊತ್ತಲ್ಲಿ ಹೀಟರು, ಫ್ರಿಜ್ಜು, ಒಂದು ದೀಪ. ಅಷ್ಟೇ."

"ಯಾವ ತುರ್ತು? ಜಾನಿಸ್ ಮನೇಲಿ ಟೀವಿ ಓಡ್ತಿದೆ, ಈಗಷ್ಟೇ ಫೋನಲ್ಲಿ ಹೇಳಿದ್ಲು!"

"ಅವರು ಅದೃಷ್ಟ ನಂಬ್ಕೊಂಡು ಕೂತಿದಾರೆ. ನಾವು ಹಾಗಲ್ಲ."

ಲವೋನ್ ಅರ್ಧ ಬೆಂದ ಬ್ರೆಡ್ಡನ್ನು ಟವೆಲಿನಲ್ಲಿ ಸುತ್ತಿ, ಕೋಟಿನೊಳಗೆ ಸೇರಿಸಿಕೊಂಡು ಗುಂಡಿ ಹಾಕಿದಳು. ಗಂಡ ಕಟ್ಟಿದ ಹಗ್ಗ ಹಿಡಿದು, ನಲವತ್ತು ಹೆಜ್ಜೆ ಆ ಬಿಳಿ ಕತ್ತಲಲ್ಲಿ ನಡೆದು ನಮ್ಮ ಬಾಗಿಲು ಬಡಿದಳು. ರೆಪ್ಪೆಯ ತುಂಬ ಮಂಜು, ಹೊಟ್ಟೆ ಮುಂದೆ ಬಂದಿತ್ತು.

"ಜಾನಿಸ್, ನಿಮ್ ಓವನ್ ಖಾಲಿ ಇದ್ಯಾ?"

ಬ್ರೆಡ್ಡು ಸ್ವಲ್ಪ ಕುಸಿದಿತ್ತು, ರುಚಿ ಕೆಟ್ಟಿರಲಿಲ್ಲ. ಬೆಂದ ಮೇಲೆ ಲವೋನ್ ಹೊರಡುತ್ತಾಳೆಂದು ಕಾದೆ. ಅವಳು ಬೂಟು ಬಿಚ್ಚಿ ಒಲೆಯ ಪಕ್ಕ ಇಟ್ಟಳು. ಇಸ್ಪೀಟು ಎಲೆ ಇದೆಯಾ ಅಂದಳು. ನಲವತ್ತಮೂರು ವರ್ಷದ ಸಂಸಾರದಲ್ಲಿ ಅವಳು ಗಂಡನಿಲ್ಲದೆ ಬೇರೆ ಕಡೆ ರಾತ್ರಿ ಕಳೆದದ್ದು ಹೆರಿಗೆಗೆ ಮಾತ್ರವಂತೆ. ಡೆಲ್ಮರ್ ಸಂಜೆ ಫೋನು ಮಾಡಿದ. ಮಾತಾಡಿದ್ದು ರಾಯ್ಸ್.

"ಇಲ್ಲೇ ಇದಾಳೆ. ಹೂಂ, ಬೆಚ್ಚಗಿದಾಳೆ. ಇಲ್ಲಪ್ಪ, ಈಗ ಆಗಲ್ಲ, ಅವಳ ಕೈಲಿ ಒಳ್ಳೇ ಎಲೆಗಳಿವೆ."

ಆಟದ ನಡುವೆ ನಾನು ಆ ಲಾರಿಯ ಕಥೆ ಎತ್ತಿದೆ. ಪಾಪ, ಚಿಕ್ಕಂದಿನಲ್ಲಿ ಅಷ್ಟು ಕಂಡವನು, ಹೆದರಿಕೆ ಇರುವುದು ಸಹಜ ಎಂದೆ. ಲವೋನ್ ಎಲೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಯಾವ ಲಾರಿ ಜಾನಿಸ್? ಆ ಮೂರು ದಿನಾನೂ ಅವನು ಅವರ ಸೆಲ್ಮಾ ಅತ್ತೆ ಮನೇಲಿ ಪ್ಯಾನ್‌ಕೇಕ್ ತಿಂತಾ ಇದ್ದ. ಲಾರಿಯಲ್ಲಿ ಸಿಕ್ಕೊಂಡಿದ್ದು ಅವರಪ್ಪ ಒಬ್ರೇ. ಅದೂ ಎರಡು ಗಂಟೆ."

"ಇಷ್ಟು ವರ್ಷ ನೀನ್ಯಾಕೆ ಹೇಳ್ಲಿಲ್ಲ?"

"ಯಾರೂ ನನ್ನ ಕೇಳ್ಲಿಲ್ಲ," ಎಂದು ಅವಳು ರಾಣಿ ಎಲೆ ಎಸೆದಳು.

ನಿಜವಾದ ಕರೆಂಟು ಹೋದದ್ದು ಗುರುವಾರ ಬೆಳಗ್ಗೆ. ಊರಾಚೆ ಆರು ಕಂಬ ಉರುಳಿದ್ದವು. ನಮ್ಮಲ್ಲಿ ಸೌದೆ ಒಲೆ ಇತ್ತು, ಅದರ ಸುತ್ತ ಕುರ್ಚಿ ಎಳೆದುಕೊಂಡೆವು. ಕಿವಿಗೊಟ್ಟು ಕೇಳಿದರೆ ಪಕ್ಕದ ಮನೆಯ ಜನರೇಟರಿನ ಸದ್ದಿಲ್ಲ. ಅರ್ಧ ಹಗಲು, ಇಡೀ ರಾತ್ರಿ ಸುಮ್ಮನೆ ಗುಡುಗಿ ಪೆಟ್ರೋಲು ಮುಗಿಸಿತ್ತು. ಡಬ್ಬಿಗಳೆಲ್ಲ ಬರಿದಾಗಿ, ಕಾರಿನ ಟ್ಯಾಂಕಿನಿಂದ ಹೀರಿದ್ದೂ ಆಗಿತ್ತು. ಕಾರಿನಲ್ಲಿ ಇನ್ನೂ ಸರಿಯಾಗಿ ಅರ್ಧ ಉಳಿದಿತ್ತು. ಅದನ್ನು ಮುಟ್ಟುವಂತಿರಲಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ಇಡೀ ಊರಿಗೆ ಹೇಳಿದವನು ತಾನೇ ಇಳಿಸುವುದು ಹೇಗೆ? ಪೆಟ್ರೋಲನ್ನು ಪಕ್ಕದಲ್ಲಿಟ್ಟುಕೊಂಡು ಏಳು ಗಂಟೆ ಹೊತ್ತು ಆ ತಣ್ಣನೆ ಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದ.

ಸಂಜೆ ನಾವು ಸೂಪು ಕುಡಿಯುತ್ತಿರುವಾಗ ಬಾಗಿಲು ತೆರೆಯಿತು. ಮೀಸೆಯ ತುಂಬ ಹಿಮ, ಬೆನ್ನ ಮೇಲೆ ಕಿತ್ತಳೆ ಚೀಲ, ಕೊರಳಲ್ಲಿ ಸೀಟಿ.

"ಎಲ್ಲಾ ಸುರಕ್ಷಿತವಾಗಿದ್ದೀರಾ?" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು.

"ಬಾಗಿಲು ಹಾಕು, ಚಳಿ ಬರ್ತಿದೆ," ಎಂದಳು ಲವೋನ್.

ಅವನು ಹಾಕಿದ. ಯಾರೂ ಎದ್ದು ಕುರ್ಚಿ ಕೊಡಲಿಲ್ಲ. ಸ್ವಲ್ಪ ಹೊತ್ತು ನಿಂತವನು ಚೀಲದ ಮೇಲೇ ಕೂತ. ರಾಯ್ಸ್ ಒಂದು ಬಟ್ಟಲು ಸೂಪು ಕೈಗಿತ್ತು, "ಏಳನೇ ವಾರ ಬೇಗ ಬಂತು ಕಣೋ," ಎಂದ. ಡೆಲ್ಮರ್ ಸೂಪು ಕುಡಿದ. ಎರಡನೇ ಬಟ್ಟಲನ್ನೂ ಕುಡಿದ. ಆಮೇಲೆ ಚೀಲ ಬಿಚ್ಚಿ ನಮಗೆಲ್ಲ ಚಾಕಲೇಟು ಹಂಚಿದ. ಅವುಗಳ ಅವಧಿ ಎಂಟು ವರ್ಷದ ಹಿಂದೆಯೇ ಮುಗಿದಿತ್ತು. ರಾಯ್ಸ್ ಒಂದನ್ನು ಮೇಜಿಗೆ ಬಡಿದು ನೋಡಿದ, ಮೇಜಿನ ಬಣ್ಣ ಹೋಯಿತು.

ಮಾರನೆಯ ದಿನ ಗಾಳಿ ನಿಂತಿತು, ಶನಿವಾರ ಕರೆಂಟು ಬಂತು. ಗಂಡ ಹೆಂಡಿರು ಮನೆಗೆ ಹೋದರು. ಜಗಳ ಆಡಿದಂತೆ ನಮಗೇನೂ ಕೇಳಿಸಲಿಲ್ಲ. ಆದರೆ ಮುಂದಿನ ನವೆಂಬರಿನಲ್ಲಿ ಲವೋನ್ ಒಂದೇ ಒಂದು ಸೂಟ್‌ಕೇಸು ಹಿಡಿದು ಚಳಿಯೇ ಇಲ್ಲದ ಅರಿಜೋನದಲ್ಲಿರುವ ತಂಗಿಯ ಮನೆಗೆ ಹೊರಟಳು. ವಸಂತಕ್ಕೆ ಬರುತ್ತೇನೆ ಎಂದಳು. ಮನೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಡೆಲ್ಮರ್ ಉಳಿದ.

ಪ್ರತಿ ಸಂಜೆ ಅವನು ಫೋನು ಮಾಡಿ ಇಲ್ಲಿ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ ಎಂದು ಹೆಮ್ಮೆಯಿಂದ ಹೇಳುತ್ತಾನಂತೆ. ಇಲ್ಲಿ ನಾನು ಬರಿಗಾಲಲ್ಲಿದ್ದೀನಿ ಎಂದು ಅವಳು ಹೇಳುತ್ತಾಳಂತೆ. ಅದನ್ನು ಕೇಳಿ ಅವನು ಕೆಲವು ದಿನ ಚಿಂತೆಗೆ ಬಿದ್ದ. ಮರಳುಗಾಡು, ಬರಿಗಾಲು, ಬಿಸಿಲು! ಕ್ರಿಸ್‌ಮಸ್‌ಗೆ ಮುಂಚೆ ಅರಿಜೋನಕ್ಕೆ ಒಂದು ಪೆಟ್ಟಿಗೆ ಹೋಯಿತು. ಲವೋನ್ ನನಗೆ ಫೋನಿನಲ್ಲಿ ಅದರೊಳಗಿದ್ದುದನ್ನು ಒಂದೊಂದಾಗಿ ಹೇಳಿದಳು: ಹದಿನಾರು ಬಾಟಲಿ ನೀರು, ಹಾವು ಕಚ್ಚಿದರೆ ಕಟ್ಟುವ ಪಟ್ಟಿ, ಎರಡು ಟೋಪಿ, ಮತ್ತು ಬಿಸಿಲಿಗೆ ಕಾರನ್ನು ಹೇಗೆ ಸಿದ್ಧ ಮಾಡಬೇಕೆಂದು ಎರಡೂ ಬದಿ ಬರೆದ ಹಾಳೆ.

"ಏನ್ ಮಾಡ್ದೆ ಅದನ್ನೆಲ್ಲ?" ಎಂದೆ.

"ನೀರು ಕುಡೀತಿದೀವಿ. ಟೋಪಿ ತಂಗಿ ಹಾಕ್ಕೊಂಡ್ಳು," ಎಂದಳು. "ಇರು ಜಾನಿಸ್, ಇನ್ನೊಂದು ಲೈನಲ್ಲಿ ಅವನೇ ಬಂದ. ರಿಂಗ್ ಆಗ್ಲಿ ಬಿಡು, ನೀನು ಊರಿನ ಸುದ್ದಿ ಹೇಳು."