ತೆಪ್ಪರಾಯನ ಎರಡನೇ ತಾಯಿ

ಹಣಮಂತಮ್ಮನಿಗೆ ಸಿಟ್ಟು ಬಂದರೆ ನಾಟಿ ಗದ್ದೆಯ ಕಪ್ಪೆಗೂ ಗೊತ್ತಾಗುತ್ತಿತ್ತು. ಹಾಡು ನಿಲ್ಲುತ್ತಿತ್ತು, ಅಷ್ಟೇ. ಹಾಡು ನಿಂತರೆ ಹೆಂಗಸರ ಕೈ ನಿಧಾನ, ಕೈ ನಿಧಾನವಾದರೆ ಗದ್ದೆಯ ಧಣಿ ಬಸವಂತ್ರಾಯನಿಗೆ ಬದುವಿನ ಮೇಲೆ ಚಡಪಡಿಕೆ. ಕೊನೆಗೆ ಯಾರಾದರೂ ಎಲೆ ಅಡಿಕೆ ಕೊಟ್ಟು ಅವಳನ್ನು ರಮಿಸಬೇಕು. ಕೃಷ್ಣೆಯ ದಂಡೆಯ ಮೀನುಗಾರರ ಮನೆಯವಳು. ಗಂಡ ಹೊಳೆಗೆ ಬಲೆ ಬೀಸಿದರೆ ಇವಳು ಹೆಂಗಸರ ಗುಂಪು ಕಟ್ಟಿಕೊಂಡು ಸುರಪುರದ ಸುತ್ತ ಭತ್ತದ ನಾಟಿಗೆ ಹೋಗುತ್ತಿದ್ದಳು. ಕಾಲುವೆ ಬರುವ ಮೊದಲು ಕೆರೆಯ ಕೆಳಗಿನ ಗದ್ದೆಗಳಲ್ಲಿ ಅವಳ ಅವ್ವ ಮಾಡಿದ್ದೂ ಇದೇ ಕೆಲಸ, ಹಾಡಿದ್ದೂ ಇದೇ ಹಾಡು.

ಆ ಹಾಡಿನ ನಾಯಕ ತೆಪ್ಪರಾಯ. ಹೊಳೆ ಉಕ್ಕಿದ ಹೊತ್ತಿನಲ್ಲಿ ರಾಣಿಯೊಬ್ಬಳು ತೆಪ್ಪದ ಮೇಲೆ ಹೆತ್ತ ಮಗ; ಏಳು ಕೋಟೆ ಗೆದ್ದು, ಕೊನೆಗೆ ಒಡಹುಟ್ಟಿದವನ ಈಟಿಗೆ ಬಿದ್ದ ವೀರ. ಹಳೆಯ ಮಹಾಕಾವ್ಯಗಳ ವೀರರೆಲ್ಲ ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ? ಹುಟ್ಟು ಅರಸರ ಮನೆತನದಲ್ಲಿ, ಸಾವು ತಮ್ಮವರ ಕೈಯಲ್ಲಿ. ಅವರಲ್ಲಿ ಪುಣ್ಯವಂತರು ತಾಳೆಗರಿ ಸೇರಿದರು. ತೆಪ್ಪರಾಯನಿಗೆ ಮಾತ್ರ ಹಣಮಂತಮ್ಮನ ಗಂಟಲೇ ಗತಿ.

ಗುಂಪಿನಲ್ಲೊಂದು ಕಟ್ಟುಪಾಡಿತ್ತು. ನಾಟಿಯ ಮೊದಲ ದಿನ ಹುಟ್ಟಿದ ತೆಪ್ಪರಾಯ ಕಡೆಯ ಗದ್ದೆ ಮುಗಿಯುವ ತನಕ ಸಾಯುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಕಾಲು ತೊಳೆದು, ಒಣ ಬದುವಿನ ಮೇಲೆ ಕೂತು ಅವನ ಸಾವನ್ನು ಹಾಡಬೇಕು. ನೀರಲ್ಲಿ ನಿಂತಾಗ ಅವನು ಸತ್ತರೆ ಸಸಿ ಬೇರು ಹಿಡಿಯುವುದಿಲ್ಲ ಎಂಬ ನಂಬಿಕೆ. ತಪ್ಪಿ ಸತ್ತನೋ, ಮತ್ತೊಂದು ಸಸಿ ಊರುವ ಮೊದಲೇ ಅವನನ್ನು ಹುಟ್ಟಿಸಬೇಕು, ಅದೂ ಬೇರೊಬ್ಬಳ ಬಾಯಿಂದ. ಅದಕ್ಕೆಂದೇ ಹಿಂದೆ ಅನ್ನಮ್ಮ ಎಂಬ ಎರಡನೇ ಹಾಡುಗಾರ್ತಿ ಇದ್ದಳು. ಅವಳು ತೀರಿಕೊಂಡ ಮೇಲೆ ಆ ಜಾಗ ಖಾಲಿಯೇ ಉಳಿದಿತ್ತು.

ಖಾಲಿ ಉಳಿದದ್ದು ಹಣಮಂತಮ್ಮನ ಹಟದಿಂದ. ಗುಂಪಿನಲ್ಲಿ ಒಳ್ಳೆಯ ಗಂಟಲಿದ್ದವಳು ಒಬ್ಬಳೇ, ರಂಗಂಪೇಟೆಯಿಂದ ಬರುವ ಪರಿಮಳಾ. ಬೌದ್ಧರ ಮನೆಯ ಸೊಸೆ, ಬಾಯಿ ಚುರುಕು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೇಳಿಯೇಬಿಟ್ಟಳು:

"ಯವ್ವಾ, ಯಾವ ಕತಿ ಕೇಳಿದ್ರೂ ಶೂರ ರಾಣಿ ಹೊಟ್ಟ್ಯಾಗ ಹುಟ್ಟ್ಯಾನ. ನಮ್ಮಂಥಾಕಿ ಹೊಟ್ಟ್ಯಾಗ ಒಬ್ಬನೂ ಹುಟ್ಟಲಿಲ್ಲೇನ್ರಿ?"

"ಕತಿ ನಿಮ್ಮಪ್ಪ ಕಟ್ಟ್ಯಾನೇನ? ನಮ್ಮವ್ವ ಹ್ಯಾಂಗ ಕೊಟ್ಟಾಳ, ಹಾಂಗ ಇರ್ತೈತಿ. ಒಂದ್ ಮಾತ ಹೆಚ್ಚಿಲ್ಲ, ಒಂದ್ ಮಾತ ಕಮ್ಮಿಲ್ಲ," ಎಂದು ಹಣಮಂತಮ್ಮ ರೊಟ್ಟಿ ಮುರಿದಳು.

ಅವತ್ತಿನಿಂದ ಪರಿಮಳಾಗೆ ಹಿಮ್ಮೇಳವೇ ಗಟ್ಟಿಯಾಯಿತು. ಕಥೆ ತನ್ನೊಂದಿಗೇ ಮಣ್ಣಾದೀತೆಂಬ ಹೆದರಿಕೆ ಹಣಮಂತಮ್ಮನಿಗೂ ಇತ್ತು. ಅದರಲ್ಲೂ ವರ್ಷಕ್ಕೊಮ್ಮೆ ಮಾತ್ರ ಹಾಡುವ ಸಾವಿನ ಭಾಗ ಮರೆತುಹೋದರೆ? ಅದಕ್ಕೇ ದಿನಾ ಬೆಳಿಗ್ಗೆ ಒಲೆಯ ಮುಂದೆ ಅದನ್ನೇ ಗುನುಗುತ್ತಿದ್ದಳು.

ಎಡವಟ್ಟಾದದ್ದು ಅಲ್ಲಿಯೇ. ಈ ಸಲದ ನಾಟಿ ಅರ್ಧಕ್ಕೆ ಬಂದಿತ್ತು. ತೆಪ್ಪರಾಯ ಐದನೆಯ ಕೋಟೆಯ ಮುಂದೆ ನಿಂತಿದ್ದ. ಬಿಸಿಲಿಗೆ ತಲೆ ಸುತ್ತಿತೋ, ಬೆಳಗಿನ ಗುನುಗು ನಾಲಿಗೆಯಲ್ಲೇ ಉಳಿದಿತ್ತೋ, ಕೋಟೆಯ ಬಾಗಿಲು ತೆರೆಯಬೇಕಾದ ಕಡೆ ಒಡಹುಟ್ಟಿದವನ ಈಟಿ ಬಂದುಬಿಟ್ಟಿತು. ವೀರ ಬಿದ್ದ. ಹೆಂಗಸರು ರೂಢಿಯಂತೆ ಹಿಮ್ಮೇಳದ ಸೊಲ್ಲು ಎತ್ತಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು.

ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು. ಬಸವಂತ್ರಾಯ ಮೊಬೈಲಿನಲ್ಲಿ ಮಳೆ ನೋಡಿ ಗೊಬ್ಬರ ಹಾಕುವ ಮನುಷ್ಯ; ಅವನ ಮುಖವೂ ಬಿಳಿಚಿಕೊಂಡಿತು.

"ಏನ್ ಮಾಡಿದೆಬೇ! ಲಗೂನ ಹುಟ್ಟಿಸ್ರಿ ಯಾರರ!" ಎಂದು ಕೂಗಿದ.

ಭತ್ತದ ಚಿಂತೆ ಹಣಮಂತಮ್ಮನಿಗೆ ಹೊಳೆಯಲೇ ಇಲ್ಲ. ಅವ್ವ ಕೊಟ್ಟವನನ್ನು ನಾನೇ ಕೊಂದೆನಲ್ಲ ಎಂಬುದೊಂದೇ ತಲೆಯಲ್ಲಿತ್ತು. ಹುಟ್ಟಿಸುವವಳನ್ನು ತಯಾರು ಮಾಡದೆ ಬಿಟ್ಟವಳೂ ತಾನೇ.

ಆಗ ಸಾಲಿನ ತುದಿಯಿಂದ ಪರಿಮಳಾಳ ದನಿ ಎದ್ದಿತು.

"ಹೊಳಿ ತುಂಬಿ ಬರುವಾಗ, ತೆಪ್ಪ ತೇಲಿ ಬರುವಾಗ…"

ಮೊದಲ ಸಾಲು ಸರಿಯಾಗಿಯೇ ಇತ್ತು. ಮುಂದಿನದರಲ್ಲಿ ಮುತ್ತಿನ ಸೆರಗಿನ ರಾಣಿ ಬರಬೇಕು. ಪರಿಮಳಾ ಗಳಿಗೆ ತಡೆದಳು. ಮರೆತಳೋ, ಬೇಕೆಂದೇ ಬಿಟ್ಟಳೋ, ಅವಳಿಗೇ ಗೊತ್ತು.

"ಮೊಣಕಾಲತನಕ ಕೆಸರ, ಮುಂಗೈ ತುಂಬ ಹಸರ,
ಕೂಲಿಗಿ ಹೊಂಟಾಕಿ ಹಡೆದಾಳ, ತೆಪ್ಪರಾಯನ್ನ ಹಡೆದಾಳ."

ಎಲ್ಲರೂ ಹಣಮಂತಮ್ಮನ ಮುಖ ನೋಡಿದರು. ಅವಳು ಸೊಲ್ಲು ಎತ್ತದಿದ್ದರೆ ಯಾರೂ ಎತ್ತುವುದಿಲ್ಲ. ಸೊಲ್ಲು ಸಿಗದ ಹುಟ್ಟು ಹುಟ್ಟೇ ಅಲ್ಲ. ರಾಣಿ ಎನ್ನು ಎಂದು ಗದರಬಹುದಿತ್ತು. ಗದರಿದರೆ ಇವಳು ಇನ್ನೆಂದೂ ಬಾಯಿ ತೆರೆಯಲಾರಳು. ಹಣಮಂತಮ್ಮ ತನ್ನ ಮೊಣಕಾಲು ನೋಡಿಕೊಂಡಳು. ಕೆಸರು. ಅವ್ವನ ಕಾಲೂ ಹೀಗೇ ಇರುತ್ತಿತ್ತು. ತನ್ನನ್ನು ಅವ್ವ ಹೆತ್ತದ್ದೂ ನಾಟಿಯ ದಿನಗಳಲ್ಲೇ. ಈ ಕಥೆಯನ್ನು ಇಲ್ಲಿಯ ತನಕ ಹೊತ್ತು ತಂದವರಲ್ಲಿ ಒಬ್ಬ ರಾಣಿಯೂ ಇರಲಿಲ್ಲ.

"ಹಡೆದಾಳ ತಂಗಿ, ಹಡೆದಾಳ," ಎಂದು ಹಣಮಂತಮ್ಮ ಸೊಲ್ಲೆತ್ತಿದಳು. ಗುಂಪಿನ ಯಜಮಾನಿಯಾದ ಮೇಲೆ ಅವಳು ಇನ್ನೊಬ್ಬಳ ಹಿಂದೆ ದನಿಗೂಡಿಸಿದ್ದು ಅದೇ ಮೊದಲು. ಹೆಂಗಸರೆಲ್ಲ ಕೂಡಿಕೊಂಡರು. ಬಸವಂತ್ರಾಯನೂ ಬದುವಿನ ಮೇಲೆ ನಿಂತು ಅದನ್ನೇ ಒದರಿದ, ತಾಳ ತಪ್ಪಿ.

ಪರಿಮಳಾ ಮಾತ್ರ ಬೆಪ್ಪಾಗಿ ಅವಳನ್ನೇ ನೋಡುತ್ತ ನಿಂತಿದ್ದಳು.

"ನನ್ ಮುಖ ಏನ್ ನೋಡಾಕತ್ತಿ?" ಎಂದು ಹಣಮಂತಮ್ಮ ಬಗ್ಗಿ ಸಸಿ ಊರಿದಳು. "ಮುಂದ ಹಾಡು. ಕೂಸು ಅಳಾಕತ್ತೈತಿ."