ಬಣ್ಣದತ್ತೆ ಬರೆದ ಗೋಡೆ

ಮೊನ್ನೆ ಚಳ್ಳಕೆರೆಯ ಸಂತೆಗೆ ಹೋಗಿದ್ದಾಗ ಕಂಬಳಿ ನೇಯುವವರ ಕೇರಿಯಲ್ಲಿ ಯಾರೋ ನೀಲಿಬಣ್ಣದ ಮಡಕೆಯ ಬಾಯಿ ತೆರೆದಿದ್ದರು. ಹುಳಿತ ಗಂಜಿಯಂಥ, ಕೊಳೆತ ಸೊಪ್ಪಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೀದಿಯ ನಡುವೆಯೇ ನಿಂತುಬಿಟ್ಟೆ. "ಯಾಕತ್ತೆ, ತಲೆ ಸುತ್ತು ಬಂತಾ?" ಎಂದು ಸೊಸೆ ಕೈ ಹಿಡಿದುಕೊಂಡಳು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ, ನಮ್ಮ ಗೋಡೆಗೆ ಅಂಟಿಕೊಂಡಿದ್ದ ಮನೆಯಿಂದ ದಿನವೂ ಬರುತ್ತಿದ್ದ ವಾಸನೆ ಅದು...

ರೇಷ್ಮೆ ನೂಲಿಗೆ ಬಣ್ಣ ಕಟ್ಟುವುದು ಆ ಮನೆಯಾಕೆಯ ಕಸುಬು. ರಕ್ತಸಂಬಂಧ ಏನೂ ಇರಲಿಲ್ಲ. ಬೀದಿಯೆಲ್ಲ ಬಣ್ಣದತ್ತೆ ಎನ್ನುತ್ತಿತ್ತು, ಮದುವೆಯಾಗಿ ಬಂದ ನಾನೂ ಅತ್ತೆ ಎಂದೇ ಕರೆದೆ. ರಾಯದುರ್ಗದ ಕಡೆಯವಳು. ಮೊಣಕೈವರೆಗೂ ನೀಲಿ ಹತ್ತಿದ ಕೈ, ಮಾತಿಗೊಮ್ಮೆ ತೆಲುಗು, ದೊಡ್ಡ ನಗು. ಪ್ಲೇಗು ಬಂದ ವರ್ಷ ಗಂಡನನ್ನೂ ಮಗಳನ್ನೂ ಕಳೆದುಕೊಂಡಿದ್ದಳು. ಮಗಳು ಬಿಟ್ಟುಹೋದ ಮೊಮ್ಮಗನೊಬ್ಬನೇ ಆಕೆಗೆ ಉಳಿದಿದ್ದ. ನನ್ನ ಮಗಳಿಗೂ ಅವನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಆ ದಿನಗಳಲ್ಲಿ ಊರ ಹೊರಗಿನ ದವಾಖಾನೆಯ ಪಕ್ಕದಲ್ಲಿ ಮಕ್ಕಳಿಗೆಂದೇ ಉದ್ದನೆಯ ಹೆಂಚಿನ ಕೋಣೆಯೊಂದನ್ನು ಕಟ್ಟಿಸಿದ್ದರು. ಆದರೆ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವವರೇ ಇರಲಿಲ್ಲ. ಪ್ಲೇಗಿನ ಕಾಲದಲ್ಲಿ ಊರ ಹೊರಗಿನ ಜೋಪಡಿಗಳಿಗೆ ಹೋದವರು ತಿರುಗಿ ಬಾರದ್ದನ್ನು ಕಂಡಿದ್ದ ಜನ. ನನ್ನ ಮಗಳಿಗೆ ಚಳಿಜ್ವರ ಬಂದು ನಡುಗತೊಡಗಿದಾಗ ಬೇರೆ ದಾರಿ ಕಾಣದೆ ಹೊತ್ತುಕೊಂಡು ಹೋದೆ. ಬಾಗಿಲಲ್ಲೇ ಅವಳು ಒಳಗಿನ ಬೋಳು ಗೋಡೆಗಳನ್ನು ಕಂಡು ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡು ಕಿರುಚಿದಳು. ಅವಳನ್ನು ಬಿಡಿಸಿ ಮಲಗಿಸುವ ಧೈರ್ಯ ನನಗೆ ಬರಲಿಲ್ಲ. ವಾಪಸು ಬಂದೆ.

"ಒಳಗೆ ಏನು ಕಂಡ್ಳೇ ಕೂಸು?" ಎಂದು ಅತ್ತೆ ಕೇಳಿದಳು.

"ಏನೂ ಇಲ್ಲ ಅತ್ತೆ, ಬರೀ ಬಿಳೀ ಗೋಡೆ. ಹೆಣಕ್ಕೆ ಬಟ್ಟೆ ಹೊದಿಸಿದಂಗೈತೆ."

ಮರುದಿನ ಬೆಳಿಗ್ಗೆ ಅತ್ತೆ ನೇರ ದವಾಖಾನೆಗೆ ಹೋಗಿ, ಗೋಡೆಗೆ ಚಿತ್ರ ಬರೆಯುತ್ತೇವೆ ಎಂದು ಡಾಕ್ಟರ ಎದುರು ನಿಂತಳಂತೆ. ಮೈಸೂರು ಕಡೆಯಿಂದ ಬಂದ ಹೊಸಬರು, ಚಿಕ್ಕ ವಯಸ್ಸಿನವರು. ಮಕ್ಕಳು ಬಂದರೆ ಸಾಕಾಗಿತ್ತು ಅವರಿಗೆ, ಒಪ್ಪಿದರು.

ಅತ್ತೆ ಮನೆಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿದಳು. ಕೆಮ್ಮಣ್ಣು, ಅರಿಸಿನ, ದೀಪದ ಕಾಡಿಗೆ, ಆಕೆಯ ಮಡಕೆಯ ನೀಲಿ. ಕರಿಜಾಲಿಯ ಅಂಟನ್ನು ನೆನೆಹಾಕಿ ಕಲಸಿದೆವು. ಈಚಲ ಕಡ್ಡಿಯ ತುದಿ ಜಜ್ಜಿದರೆ ಅದೇ ಕುಂಚ. ಸೀರೆಯ ಸೆರಗಿನಲ್ಲಿ ನೇಯುತ್ತಿದ್ದ ನವಿಲು, ಗಿಣಿ, ಮಾವಿನಕಾಯಿಗಳೆಲ್ಲ ಗೋಡೆಯ ಮೇಲೆ ಬಂದವು. ಕುರಿ ಕಾಯುವವರ ಮನೆಯ ಹೆಂಗಸರು ಕುರಿಮಂದೆ ಬರೆದರು. ಒಂದು ಕುರಿಗೆ ಐದು ಕಾಲು ಬಂದು ನಾವು ಹೊಟ್ಟೆ ಹಿಡಿದು ನಕ್ಕೆವು. "ಮಕ್ಕಳ ಕೈಗೆ ಸಿಗೋ ಹಂಗೆ ಕೆಳಗೆ ಬರೀರಮ್ಮಾ. ಮಲಗಿದ ಕೂಸು ಕೈ ಚಾಚಿದ್ರೆ ಗಿಣಿ ಸಿಗಬೇಕು" ಎನ್ನುತ್ತಿದ್ದಳು ಅತ್ತೆ.

ಮಕ್ಕಳು ಬಂದರು. ಮೊಳಕಾಲ್ಮೂರಷ್ಟೇ ಅಲ್ಲ, ಸುತ್ತಲ ಹಳ್ಳಿಗಳಿಂದಲೂ ಗಾಡಿ ಕಟ್ಟಿಕೊಂಡು ಕರೆತಂದರು. ನನ್ನ ಮಗಳು ನವಿಲಿನ ಪಕ್ಕದ ಮಂಚವೇ ಬೇಕೆಂದು ಹಟ ಹಿಡಿದು ಮಲಗಿ, ಕಹಿ ಔಷಧಿ ಕುಡಿದು, ಹುಷಾರಾಗಿ ಮನೆಗೆ ಬಂದಳು. ಮಕ್ಕಳು ಸವರಿ ಸವರಿ ಬಣ್ಣ ಮಾಸುತ್ತಿತ್ತು. ಅತ್ತೆ ಮೊಮ್ಮಗನನ್ನು ಕರೆದುಕೊಂಡು ಹೋಗಿ ಮತ್ತೆ ತುಂಬಿ ಬರುತ್ತಿದ್ದಳು. ಅವಳು ಬರೆಯುವಷ್ಟು ಹೊತ್ತೂ ಆ ಹುಡುಗ ಮಂಚದಿಂದ ಮಂಚಕ್ಕೆ ಹಾರುತ್ತ ಎಲ್ಲರ ಜೊತೆ ಆಡುತ್ತಿದ್ದ.

ಮರುವರ್ಷ ಮಳೆಗಾಲ ಮುಗಿಯುವಾಗ ನನ್ನ ಮಗಳಿಗೆ ಜ್ವರ ಮರುಕಳಿಸಿತು. ಈ ಸಲ ಅವಳೇ ಮುಂದಾಗಿ ದವಾಖಾನೆಗೆ ನಡೆದಳು. ಅವಳು ಒಳಗಿದ್ದಾಗಲೇ ಗಂಟಲಮಾರಿ ಬಂದದ್ದು. ಬೆಳಿಗ್ಗೆ ಆಡುತ್ತಿದ್ದ ಮಗುವಿನ ಗಂಟಲು ಸಂಜೆಯೊಳಗೆ ಕಟ್ಟಿಕೊಳ್ಳುತ್ತಿತ್ತು. ಒಂದು ಮಗು ಹೋಯಿತು, ಮತ್ತೊಂದು ಹೋಯಿತು. ಆಮೇಲೆ ಅತ್ತೆಯ ಮೊಮ್ಮಗ... ನಿನ್ನೆ ನಮ್ಮ ಜಗಲಿಯ ಮೇಲೆ ಕುಣಿಯುತ್ತಿದ್ದವನು ಇಂದು ಇಲ್ಲ ಎಂದರೆ ನಂಬುವುದು ಹೇಗೆ? ನನಗೆ ಅಳುವೂ ಬರಲಿಲ್ಲ.

ಹುಡುಗನನ್ನು ಮಣ್ಣು ಮಾಡಿದ ಮರುದಿನ ಡಾಕ್ಟರು ಮಕ್ಕಳನ್ನೆಲ್ಲ ದವಾಖಾನೆಯ ಅಂಗಳದ ಹುಣಸೆಮರದಡಿಗೆ ಸಾಗಿಸಿ, ಚಿತ್ರ ಬರೆದ ನಮ್ಮನ್ನು ಕರೆಸಿದರು. ಗೋಡೆಗೆ ಸುಣ್ಣ ಬಳಿಯಬೇಕು ಎಂದರು.

"ಕಾಯಿಲೆ ಮಗುವಿನ ಎಂಜಲ ಕೈ ಗಿಣಿ ಮೇಲೆ ಬೀಳುತ್ತೆ. ಇನ್ನೊಂದು ಮಗು ಅದನ್ನೇ ಮುಟ್ಟಿ ಬಾಯಿಗೆ ಬೆರಳು ಇಟ್ಟುಕೊಳ್ಳುತ್ತೆ. ಇದರಿಂದಲೇ ಬಂತು ಅಂತ ನಾನು ಹೇಳೋದಿಲ್ಲ. ಇಲ್ಲ ಅಂತಲೂ ಹೇಳಲಾರೆ ತಾಯಿ."

ಕೈ ಚಾಚಿದರೆ ಸಿಗಲಿ ಎಂದು ಬರೆದ ಗಿಣಿಗಳು. ಒಬ್ಬಳು ಸಿಟ್ಟಿಗೆದ್ದು, "ಅಳಿಸೋಕೆ ಬಿಡಲ್ಲ, ಏನ್ ಮಾಡ್ಕೊಂತೀರೋ ಮಾಡ್ಕಳ್ರಿ" ಎಂದು ಬಾಗಿಲಿಗೆ ಅಡ್ಡ ನಿಂತಳು. ಉಳಿದವರೂ ಅವಳ ಪಕ್ಕ ಸೇರಿಕೊಂಡರು.

ಅಷ್ಟರಲ್ಲಿ ಅತ್ತೆ ಬಂದಳು. ಆಕೆ ಹೊರಗೆ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಕೆದರಿದ ತಲೆ, ಬಿರುಕುಬಿಟ್ಟ ತುಟಿ. ಡಾಕ್ಟರ ಮಾತು ಕಿವಿಗೆ ಬಿದ್ದಿತ್ತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಮ್ಮನ್ನು ಸರಿಸಿ ಒಳಗೆ ಹೋಗಿ, ಸುಣ್ಣದ ಗಡಿಗೆಗೆ ಕತ್ತಾಳೆ ನಾರಿನ ಕುಂಚ ಅದ್ದಿ, ಮೊದಲು ತಾನೇ ಬರೆದ ನವಿಲಿನ ಮೇಲೆ ಎಳೆದಳು. ತಲೆ ಕೆಟ್ಟಿತೆಂದೇ ತಿಳಿದು ಓಡಿಹೋಗಿ ಕೈ ಹಿಡಿದೆ.

"ಬಿಡೇ" ಎಂದಳು. ದನಿಯಲ್ಲಿ ನಡುಕವೇ ಇರಲಿಲ್ಲ. "ನಿನ್ನ ಕೂಸು ಮರದ ಕೆಳಗೆ ಮಲಗೈತೆ. ಅದು ಒಳಗೆ ಬರಬೇಕಲ್ಲ."

ಅಡ್ಡ ನಿಂತಿದ್ದವರು ಒಬ್ಬೊಬ್ಬರಾಗಿ ಸೆರಗು ಸಿಕ್ಕಿಸಿಕೊಂಡು ಬಂದರು. ಕುಂಚ ಗೋಡೆಗೆ ಉಜ್ಜುವ ಸದ್ದು ಮಾತ್ರ... ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಿಳಿ. ಒಣಗುವ ಸುಣ್ಣದಡಿಯಿಂದ ನೀಲಿ ಇನ್ನೂ ಇಣುಕುತ್ತಿತ್ತು. ಅತ್ತೆ ಅದರ ಮೇಲೆ ಮತ್ತೊಮ್ಮೆ ಬಳಿದಳು.

ಗಂಟಲಮಾರಿ ನಿಂತಿತು. ಸುಣ್ಣದಿಂದ ನಿಂತಿತೋ, ತಾನಾಗಿ ನಿಂತಿತೋ, ದೇವರೇ ಬಲ್ಲ. ನನ್ನ ಮಗಳು ಉಳಿದಳು. ಚಳಿಗಾಲದಲ್ಲಿ ಡಾಕ್ಟರೇ ಅತ್ತೆಯ ಬಾಗಿಲಿಗೆ ಬಂದು, ಮಕ್ಕಳ ಕೈಗೆ ಎಟುಕದಂತೆ ಮೇಲ್ಗಡೆ ಬರೆಯಬೇಕೆಂದು ಕೇಳಿಕೊಂಡರು. ಅವರು ಹೋದಮೇಲೆ ಅತ್ತೆ ನನಗೆ, "ನೀವೇ ಬರೀರಮ್ಮಾ, ನನ್ನ ಕೈಲಿ ಆಗಲ್ಲ" ಎಂದು ಬಣ್ಣ ಕಲಸಿ ಕೊಟ್ಟಳು. ಏಣಿ ಹಾಕಿಕೊಂಡು ಬರೆದೆವು. ನವಿಲು ಕೋಳಿಯಂತಾಯಿತು. ಅದನ್ನಾದರೂ ನೋಡಿ ನಗಲಿ ಎಂದು ಅತ್ತೆಯನ್ನು ಕರೆಯಲು ಹೋದರೆ, ಬಾಗಿಲಿಗೆ ಬೀಗ. ರಾಯದುರ್ಗಕ್ಕೆ, ತಮ್ಮನ ಮನೆಗೆ ಹೊರಟುಹೋದಳು ಎಂದರು ಅಕ್ಕಪಕ್ಕದವರು. ನನಗೂ ಒಂದು ಮಾತು ಹೇಳದೆ. ಕೆಲವು ವರ್ಷಗಳ ಮೇಲೆ ತೀರಿಕೊಂಡಳೆಂಬ ಸುದ್ದಿ ಯಾರದೋ ಬಾಯಲ್ಲಿ ಬಂತು.

ಸಂತೆಯಿಂದ ಬಂದಮೇಲೆ ಈ ಕಥೆಯನ್ನೆಲ್ಲ ಮಗಳಿಗೆ ಹೇಳಿದೆ. ಅವಳಿಗೂ ಈಗ ಮೊಮ್ಮಕ್ಕಳು. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದಳು.

"ಇಲ್ಲವ್ವಾ" ಎಂದಳು. "ಮರದ ಕೆಳಗೆ ಮಲಗಿದ್ದು ನೆನಪೈತೆ. ಆ ಹುಡುಗನೂ ಸ್ವಲ್ಪ ನೆನಪೈತೆ. ನೀ ಹೇಳೋ ಬಣ್ಣದತ್ತೆ ಮಾತ್ರ ನೆನಪಿಗೇ ಬರ್ತಿಲ್ಲ."