ಮೊಮ್ಮಗಳ ಗಿಟಾರಿಗೊಂದು ಸ್ಪೀಕರ್ ಪೆಟ್ಟಿಗೆ

ನನ್ನ ಮೊಮ್ಮಗಳನ್ನು ಮಾನ್ವಿಯ ಹಾಡಿನ ತಂಡದವರು ಗಿಟಾರ್ ನುಡಿಸಲು ತೆಗೆದುಕೊಂಡರು! ಮೊನ್ನೆ ಭಾನುವಾರವೇ ಮಾತು ಕೊಟ್ಟರು. ಮಾನ್ವಿಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಣ್ಣುಮಗಳಿಗೆ ಹೇಳಿದೆ, ಕಂಡಕ್ಟರನಿಗೆ ಹೇಳಿದೆ, ಇಳಿದ ಮೇಲೆ ಆಟೋದವನಿಗೂ ಹೇಳಿದೆ. ಅವನು ಎಷ್ಟು ಲಕ್ಷ್ಯಗೊಟ್ಟು ಕೇಳಿದನೆಂದರೆ ನಮ್ಮ ಓಣಿ ದಾಟಿ ಮುಂದಿನ ಓಣಿಗೆ ಹೋಗಿಬಿಟ್ಟ. ಈಗ ಹೇಳಲು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಮೂರನೇ ಕ್ಲಾಸಿನ ತನಕ ಕಲಿತವಳು. ಆಮೇಲೆ ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸಲು ಹೋದೆ, ಶಾಲೆ ಅಲ್ಲಿಗೇ ಮುಗಿಯಿತು. ಅಕ್ಷರ ತಪ್ಪಿದ ಕಡೆ ಸೊಸೆ ತಿದ್ದುತ್ತಾಳೆ. ಅವಳು ಗುಂಜಹಳ್ಳಿಯ ಶಾಲೆಯಲ್ಲಿ ಟೀಚರ್. ಅಕ್ಷರ ತಿದ್ದು, ನನ್ನ ಸಂತೋಷ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಮೊಮ್ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಗಿಟಾರನ್ನು ಫೋನಿನಲ್ಲಿ ನೋಡಿ ನೋಡಿಯೇ ಕಲಿತಳು. ಅವಳ ಗಿಟಾರಿಗೆ ಹೊಟ್ಟೆಯಿಲ್ಲ, ರೊಟ್ಟಿ ಬಡಿಯುವ ಹಲಗೆಯಂತೆ ಚಪ್ಪಟೆ. ತಂತಿ ಮೀಟಿದರೆ ಸೊಳ್ಳೆಯಷ್ಟು ದನಿ. ಆ ದನಿ ವೈರಿನಲ್ಲಿ ಹಾದು ನೆಲದ ಮೇಲಿಟ್ಟ ಒಂದು ಯಂತ್ರಕ್ಕೆ ಹೋಗುತ್ತದೆ. ಇಟ್ಟಿಗೆಗಿಂತ ತುಸು ದೊಡ್ಡದು, ಮೇಲೆ ಕಾಲಿನಿಂದ ಒತ್ತುವ ಗುಂಡಿಗಳಿವೆ. ದೊಡ್ಡ ವಾದ್ಯಗಾರರು ಇಟ್ಟುಕೊಳ್ಳುವ ಆಂಪ್ಲಿಫೈಯರ್‌ಗಳ ದನಿ, ಅವರ ಸ್ಪೀಕರ್ ಪೆಟ್ಟಿಗೆಗಳ ದನಿ, ಎಲ್ಲದರ ನಕಲೂ ಅದರ ಹೊಟ್ಟೆಯಲ್ಲಿದೆಯಂತೆ. ಗುಂಡಿ ಒತ್ತಿದಂತೆ ದನಿ ಬದಲಾಗುತ್ತದೆ. ಆದರೆ ಆ ಯಂತ್ರಕ್ಕೆ ಬಾಯಿಲ್ಲ. ನಾಲ್ಕು ಜನಕ್ಕೆ ಕೇಳಿಸಬೇಕೆಂದರೆ ಹೊರಗೊಂದು ಸ್ಪೀಕರ್ ಬೇಕು. ಇಲ್ಲವಾದರೆ ಹೆಡ್‌ಫೋನೇ ಗತಿ.

ನಮ್ಮ ಮನೆಯಲ್ಲಿ ಹೆಡ್‌ಫೋನೇ ಇತ್ತು. ಮಗ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುತ್ತಾನೆ. ರಾತ್ರಿ ಪಾಳಿ ಇದ್ದಾಗ ಹಗಲು ಮಲಗುತ್ತಾನೆ. ಹಾಗಾಗಿ ಮೊಮ್ಮಗಳು ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ನುಡಿಸುತ್ತಿದ್ದಳು. ನಾನು ಎದುರಿಗೆ ಕೂತು ಪುಂಡಿಸೊಪ್ಪು ಸೋಸುತ್ತ ನೋಡುತ್ತಿದ್ದೆ. ಬೆರಳು ಓಡುತ್ತವೆ, ತಲೆ ತೂಗುತ್ತದೆ, ಒಮ್ಮೊಮ್ಮೆ ಮುಖವೆಲ್ಲ ಅರಳುತ್ತದೆ. ನನಗೆ ಮಾತ್ರ ಟಿಕ್ ಟಿಕ್ ಎಂದಷ್ಟೇ ಕೇಳುತ್ತಿತ್ತು. ಗಾಜಿನಾಚೆ ಯಾರೋ ಊಟ ಮಾಡುವುದನ್ನು ನೋಡಿದ ಹಾಗೆ. ಒಂದು ದಿನ ಅವಳು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು.

“ಭಾರೀ ಅದ ಬೇ!” ಎಂದು ಕೂಗಿಬಿಟ್ಟೆನಂತೆ.

ಮಗ ಕಣ್ಣುಜ್ಜುತ್ತ ಎದ್ದು ಬಂದ. “ಯವ್ವಾ, ಬಾರ್ಸೋಳು ಸುಮ್ನದಾಳ. ಕೇಳೋಕಿ ನೀನು ಓಣಿಗೆಲ್ಲ ಕೇಳಸೋಹಂಗ ಒದರಾಕತ್ತೀಯಲ್ಲ!”

ಹೀಗಿರುವಾಗ ಮಾನ್ವಿಯ ತಂಡದಿಂದ ಫೋನ್ ಬಂತು. ಮದುವೆ, ಕಾಲೇಜಿನ ಕಾರ್ಯಕ್ರಮ ಅಂತ ಸುತ್ತಲಿನ ಊರುಗಳಲ್ಲಿ ಹಾಡುವವರು ಅವರು. ಅವರ ಗಿಟಾರಿನವನು ಬೇರೆ ಜಿಲ್ಲೆಗೆ ಹೋಗಿದ್ದ. ತಂಡದ ಯಜಮಾನರು ಹೇಳಿದ್ದನ್ನು ನಾನೂ ಕಿವಿಗೊಟ್ಟು ಕೇಳಿದೆ.

“ಬರೋ ಐತ್ವಾರ ಬಾ ಯವ್ವಾ, ನಮ್ಮ ಜೋಡಿ ಬಾರ್ಸಿ ತೋರ್ಸು. ಸ್ಪೀಕರ್ ಮಾತ್ರ ನಿಂದ ನೀ ತರಬೇಕು, ನಮ್ಮವು ಹಾಡೋರಿಗೇ ಸಾಲಂಗಿಲ್ಲ. ಕವಿತಾಳದಿಂದ ಇನ್ನೊಬ್ರೂ ಬರ್ತಾರ. ಯಾರು ಹೊಂದ್ತಾರ ಅವರನ್ನ ತಗೋತೀವಿ.”

ಫೋನಿಟ್ಟ ಮೊಮ್ಮಗಳ ಮುಖ ಅರ್ಧ ನಗು, ಅರ್ಧ ಹೆದರಿಕೆ. “ಆಯಿ, ನಾ ಬಾರ್ಸಿದ್ದು ಇಲ್ಲೀತನಕ ಹೊರಗ ಯಾರೂ ಕೇಳೇ ಇಲ್ಲ. ಕಿವ್ಯಾಗ ಚಂದ ಇದ್ದದ್ದು ಹೊರಗ ಬಂದ್ರ ಹೆಂಗಿರ್ತದೋ ಏನೋ.”

ದೇವದುರ್ಗದಲ್ಲಿ ನನ್ನ ತಮ್ಮ ಇದ್ದಾನೆ. ಮದುವೆ, ಜಯಂತಿಗಳಿಗೆ ಸೌಂಡ್ ಬಾಡಿಗೆಗೆ ಕೊಡುವುದು ಅವನ ಕಸುಬು. ಸ್ಪೀಕರ್ ಎಂದ ಮೇಲೆ ಅವನನ್ನು ಬಿಟ್ಟು ಬೇರೆ ಯಾರನ್ನು ಕೇಳುವುದು? ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವನು ನನ್ನೆತ್ತರದ ಎರಡು ಪೆಟ್ಟಿಗೆಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ ಯಂತ್ರದ ವೈರು ಚುಚ್ಚಿದ. ಮೊಮ್ಮಗಳು ತಂತಿ ಮೀಟಿದಳು. ಒಳಗೆ ಗೋಡೆಯ ಮಾಡದಲ್ಲಿದ್ದ ಸ್ಟೀಲ್ ಡಬ್ಬಿಗಳೆಲ್ಲ ಗಡಗಡ ನಡುಗಿದವು. ಆಚೆ ಮನೆಯವರು ಇವತ್ತೇನು ಮೆರವಣಿಗೆ ಎಂದು ಕೇಳುತ್ತ ಬಂದರು.

“ಎದಿ ಹೆಂಗ ಅದುರ್ತದ ನೋಡಕ್ಕಾ!” ಎಂದ ತಮ್ಮ.

“ಎದಿ ಅದುರ್ತದ ಅಜ್ಜಾ, ಆದ್ರ ನಾ ಏನ್ ಬಾರ್ಸಾಕತ್ತೀನಿ ಅಂತ ನನಗs ಗೊತ್ತಾಗವಲ್ದು,” ಎಂದಳು ಮೊಮ್ಮಗಳು. ನಿಜವೇ. ದಪ್ಪ ತಂತಿಯ ಗುಡುಗಷ್ಟೇ ಉಳಿದಿತ್ತು, ಸಣ್ಣ ತಂತಿಗಳ ದನಿ ಎಲ್ಲಿ ಹೋಯಿತೋ.

ನನ್ನ ತಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. “ಹೌದು ಬೇ, ಇವು ಕುಣಿಯೋರ ಬಾಕ್ಸು, ಕೇಳೋರ ಬಾಕ್ಸಲ್ಲ. ನಡೀರಿ ರಾಯಚೂರಿಗಿ,” ಎಂದು ಅವತ್ತಿನ ಕೆಲಸ ಬಿಟ್ಟು ಅಂಗಿ ಹಾಕಿಕೊಂಡೇಬಿಟ್ಟ. ಅವನ ಋಣ ಹೇಗೆ ತೀರಿಸಲಿ!

ರಾಯಚೂರಿನಲ್ಲಿ ಅವನಿಗೆ ಗುರುತಿನ ವಾದ್ಯದ ಅಂಗಡಿಯಿತ್ತು. ಅಂಗಡಿಯವರು ನಮ್ಮನ್ನು ಕೂಡಿಸಿ ಚಹಾ ತರಿಸಿದರು. “ಆರಾಮಾಗಿ ಕೇಳ್ರಿ ಅಮ್ಮಾರ, ಜಲ್ದಿ ಏನಿಲ್ಲ,” ಎಂದರು. ಅಲ್ಲಿ ಎರಡು ಪೆಟ್ಟಿಗೆ ನಮ್ಮ ಮುಂದೆ ಬಂದವು. ಒಂದು ಗಿಟಾರಿಗೆಂದೇ ಮಾಡಿದ ಮರದ ಪೆಟ್ಟಿಗೆ. ಎದುರಿಗೆ ನೇಯ್ದ ಬಟ್ಟೆ, ಮೂಲೆಗಳಿಗೆ ಹೊಳೆಯುವ ತಗಡು, ಒಳ್ಳೆ ಮದುಮಗಳ ಹಾಗಿತ್ತು. ಅದಕ್ಕೆ ಜೀವ ಕೊಡಲು ಬೇರೆ ಆಂಪ್ಲಿಫೈಯರ್ ಜೋಡಿಸಬೇಕು. ಇನ್ನೊಂದು ಕರೀ ಪ್ಲಾಸ್ಟಿಕ್ಕಿನದು, ನೀರಿನ ಕ್ಯಾನಿಗೆ ಜಾಲರಿ ಬಡಿದಂತೆ. ಅದರ ಆಂಪ್ಲಿಫೈಯರ್ ಅದರೊಳಗೇ ಇತ್ತು. ಮದುಮಗಳು, ನೀರಿನ ಕ್ಯಾನು ಎಂದು ತಮ್ಮನ ಕಿವಿಯಲ್ಲಿ ಹೇಳಿದೆ. ನನ್ನ ಕಣ್ಣೆಲ್ಲ ಮದುಮಗಳ ಮೇಲೆ.

ಅಂಗಡಿಯ ಆಂಪ್ಲಿಫೈಯರ್ ಜೋಡಿಸಿ, ಅದಕ್ಕೆ ವೈರು ಹಾಕಿ ನುಡಿಸಿದರೆ ದನಿ ಮಂಕಾಗಿ ಬಂತು. ಅಷ್ಟು ಚಂದದ ಪೆಟ್ಟಿಗೆಗೆ ಯಾಕೆ ಹೀಗೆ ಎಂದು ಕೇಳಿದೆ.

“ಆಯಿ, ಈ ಬಾಕ್ಸಿಗಿ ತನ್ನದು ಅಂತ ಒಂದು ದನಿ ಅದ. ನನ್ನ ಮಷೀನು ಮೊದಲs ಬಾಕ್ಸಿನ ದನಿ ಹಚ್ಚಿ ಕಳಸ್ತದ. ಎರಡೂ ಕೂಡಿ ಹಿಂಗಾಗ್ತದ.”

“ಒಗ್ಗರಣಿ ಕೊಟ್ಟ ಸಾರಿಗಿ ಮತ್ತೊಮ್ಮಿ ಒಗ್ಗರಣಿ ಕೊಟ್ಟಂಗ?”

“ಹಾಂ, ಹಂಗs! ಈಗ ಮಷೀನಿನ ಒಗ್ಗರಣಿ ತಗೀತೀನಿ, ನೋಡು.” ಏನೋ ಒತ್ತಿದಳು. ದನಿ ತಿಳಿಯಾಯಿತು, ಕೇಳಲು ಬಹಳ ಹಿತವಾಗಿತ್ತು. ಸರಿ, ಇದನ್ನೇ ತಗೋ ಎಂದೆ. ಅವಳು ತಲೆಯಲ್ಲಾಡಿಸಿದಳು. ಬರಿ ಮರದ ಗಿಟಾರಿನ ಮೆಲು ದನಿಯನ್ನು ಯಂತ್ರದಲ್ಲಿ ತೆಗೆದು ನುಡಿಸಿದಳು. ಆ ಮೆಲುದನಿ ಬರಲಿಲ್ಲ. ಫೋನಿನಿಂದ ಒಂದು ಹಾಡು ಹಾಕಿದಳು. ಹಾಡುವವಳು ಮುಸುಕು ಹಾಕಿಕೊಂಡು ಮಲಗಿದಲ್ಲಿಂದ ಹಾಡಿದಂತೆ ಕೇಳಿತು.

“ಒಂದೇ ನಮೂನಿ ಬಾರ್ಸೋರಿಗಿ ಇದು ಭಾಳ ಛಲೋ,” ಎಂದರು ಅಂಗಡಿಯವರು. “ತಂಡದಾಗ ಹತ್ತು ನಮೂನಿ ಹಾಡು ಬಾರ್ಸೋರಿಗಿ ಆ ಕರೀದು ಛಲೋ. ಅದಕ್ಕ ತನ್ನದು ಅಂತ ಏನೂ ಇಲ್ಲ, ಕೊಟ್ಟದ್ದನ್ನ ಕೊಟ್ಟಂಗs ಕೇಳಸ್ತದ.”

ವೈರು ಕರೀ ಪೆಟ್ಟಿಗೆಗೆ ಬಂತು. ಮೊಮ್ಮಗಳು ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ ಒಂದು ಹಾಡಿನ ತುಣುಕು ನುಡಿಸಿದಳು. ಆಮೇಲೆ ಅದನ್ನು ತೆಗೆದು, ಅದೇ ತುಣುಕನ್ನು ಪೆಟ್ಟಿಗೆಯಲ್ಲಿ ನುಡಿಸಿದಳು. ಅದೇ ದನಿ! ಇಷ್ಟು ದಿನ ನನ್ನ ಮೊಮ್ಮಗಳು ಒಬ್ಬಳೇ ಕೇಳುತ್ತಿದ್ದುದು ಅಂಗಡಿ ತುಂಬ ಹರಡಿತು. ಚಹಾ ತಂದವನು ನಿಂತು ಕೇಳಿದ. ಜೋಳದ ರೊಟ್ಟಿ ತನ್ನ ರುಚಿ ಮುಂದೆ ಮಾಡದೆ ಪಲ್ಯದ ರುಚಿ ಹೊತ್ತು ಬರುತ್ತದಲ್ಲ, ಹಾಗೆ ಆ ಪೆಟ್ಟಿಗೆ. ನನಗೆ ಅಳು ಬಂತು. ಸೆರಗಿನಲ್ಲಿ ಒರೆಸಿಕೊಂಡು, “ಇದs ಇರ್ಲಿ ಯವ್ವಾ,” ಎಂದೆ.

“ಮದುಮಗಳನ್ನ ಬಿಟ್ಟು ನೀರಿನ ಕ್ಯಾನ್ ತಗೊಂಡ್ಯಲ್ಲ ಅಕ್ಕಾ!” ಎಂದು ತಮ್ಮ ನಕ್ಕ.

ಮಗ, ಸೊಸೆ ಈ ಬೇಸಿಗೆಗೆ ಮನೆಗೊಂದು ಕೂಲರ್ ತರಲೆಂದು ದುಡ್ಡು ಕೂಡಿಟ್ಟಿದ್ದರು. ರಾಯಚೂರಿನ ಬಿಸಿಲಲ್ಲಿ ಹಗಲು ಮಲಗುವವನಿಗೆ ಅದೆಷ್ಟು ಬೇಕಾದ್ದು ಎಂದು ಬೇರೆ ಹೇಳಬೇಕೆ? ಪೆಟ್ಟಿಗೆಯ ದುಡ್ಡಿನ ಮಾತು ಬಂದಾಗ ಮಗನೇ, “ಕೂಲರ್ ಬರೋ ವರ್ಷ ನೋಡೋಣು. ಒದ್ದಿ ಟವೆಲ್ ಹೊದ್ಕೊಂಡ್ರ ನಿದ್ದಿ ಬರ್ತದ,” ಎಂದ. ಆ ಒಂದು ಮಾತಿಗೆ ನಾನು ಅವನನ್ನು ಹೆತ್ತದ್ದು ಸಾರ್ಥಕವಾಯಿತು.

ಅಂಥ ಪೆಟ್ಟಿಗೆಯನ್ನು ಧೂಳಿಗೆ ಬಿಡುವುದುಂಟೆ? ಹಳೆ ಸೀರೆಗಳನ್ನು ಪದರ ಪದರ ಹಾಕಿ ಅದರ ಅಳತೆಗೆ ಒಂದು ಕೌದಿ ಹೊಲಿದೆ. ಹಿಂದೆ ವೈರಿಗೆ ಸಂದು ಬಿಟ್ಟೆ. ಮೂಲೆಯಲ್ಲಿ ದೃಷ್ಟಿಗೆಂದು ಒಂದು ಕರೀ ತುಂಡು ಹಚ್ಚಿದೆ.

“ಅತ್ತೀ, ಗ್ವಾಡಿ ಮ್ಯಾಲ ಬುದ್ಧನ ಪಟ ಇಟ್ಟು ದೃಷ್ಟಿ ಗಿಷ್ಟಿ ಅಂತೀರಲ್ರೀ,” ಎಂದು ಸೊಸೆ ಕಿಚಾಯಿಸಿದಳು.

“ಬುದ್ಧ ಕಣ್ಣು ಮುಚ್ಕೊಂಡು ಕುಂತಾನವ್ವಾ. ಮಂದಿ ಕಣ್ಣು ತೆರದs ಇರ್ತದ,” ಎಂದೆ.

ಮಗ ಕೆಲಸಕ್ಕೆ ಹೋದಾಗಷ್ಟೇ ಪೆಟ್ಟಿಗೆಯಲ್ಲಿ ನುಡಿಸುತ್ತಿದ್ದ ಮೊಮ್ಮಗಳು ಆಗ ಕೌದಿ ತೆಗೆಯುತ್ತಿದ್ದಳು, ಮುಗಿದ ಮೇಲೆ ಹೊದಿಸುತ್ತಿದ್ದಳು. ಅದು ಧೂಳಿಗಷ್ಟೇ ಎಂದುಕೊಂಡಿದ್ದೆ. ತೆಗೆಯುವುದು ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಭಾನುವಾರ ನಾವಿಬ್ಬರೂ ಮಾನ್ವಿಗೆ ಹೋದೆವು. ಪೆಟ್ಟಿಗೆ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಕೂತು ಬಂತು. ಕಂಡಕ್ಟರ್ ಅದಕ್ಕೆ ಟಿಕೆಟ್ ಕೇಳಲಿಲ್ಲ, ಅವನು ಚೆನ್ನಾಗಿರಲಿ. ತಂಡದವರು ತಾಲೀಮು ಮಾಡುವ ಕೋಣೆಯಲ್ಲಿ ಕವಿತಾಳದವರು ಮೊದಲು ನುಡಿಸಿದರು. ಚೆನ್ನಾಗಿಯೇ ನುಡಿಸಿದರು.

ಮೊಮ್ಮಗಳು ಕೌದಿ ತೆಗೆದು, ಪೆಟ್ಟಿಗೆಯನ್ನು ಹಿಂದಿನ ಗೋಡೆಗಿಟ್ಟು, ವೈರು ಜೋಡಿಸಿ, ಮುಂದೆ ಹೋಗಿ ಬಗ್ಗಿ ತಂತಿ ಸರಿಮಾಡುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತವರೊಬ್ಬರು, “ಹೊಸಾ ಬಾಕ್ಸ್ ನೋಡೋ, ಏನ್ ಮಸ್ತ್ ಅದ!” ಎಂದರು. ನನಗೆ ತಡೆಯಲಾಗಲಿಲ್ಲ. ಅವರ ಕಣ್ಣು ಬಿದ್ದೀತೆಂದು ಎದ್ದು ಹೋಗಿ ಪೆಟ್ಟಿಗೆಗೆ ಕೌದಿ ಹೊದಿಸಿ, ಕರೀ ತುಂಡು ಎದುರಿಗೆ ಬರುವಂತೆ ಎಳೆದು, ಬಂದು ಕೂತೆ. ಅವಳು ಬೆನ್ನು ಮಾಡಿ ನಿಂತಿದ್ದಳು, ನೋಡಲಿಲ್ಲ.

ಹಾಡು ಶುರುವಾಯಿತು. ಗಿಟಾರು ಎಲ್ಲೋ ದೂರದಲ್ಲಿತ್ತು. ಯಜಮಾನರು ಕೈಯೆತ್ತಿ ನಿಲ್ಲಿಸಿದರು. “ಯಾಕ ಯವ್ವಾ, ಬಾವ್ಯಾಗ ಕುಂತು ಬಾರ್ಸಿದಂಗ ಕೇಳ್ತದಲ್ಲ?”

ಮೊಮ್ಮಗಳು ಯಂತ್ರದ ಗುಂಡಿ ಒತ್ತಿದಳು, ತಿರುವಿದಳು. ಗಿಟಾರಿನ ವೈರು ಕಿತ್ತು ಮತ್ತೆ ಚುಚ್ಚಿದಳು. ಹಣೆಯಲ್ಲಿ ಬೆವರು. “ಮನ್ಯಾಗ ಸರಿ ಇತ್ರೀ,” ಎಂದಳು. ಮತ್ತೆ ಮೀಟಿದಳು, ಅದೇ ಮಂಕು. ಯಜಮಾನರು ಗೋಡೆಯ ಗಡಿಯಾರ ನೋಡಿದರು. ಕೈಗೆ ಬಂದದ್ದು ಕೂಸಿನ ಕೈತಪ್ಪಿ ಹೋಗುತ್ತಿದೆ ಎಂದು ನಾನು ಕಣ್ಣುಮುಚ್ಚಿದೆ. ಮುಚ್ಚಿದಾಗ ಬರಿ ದನಿ ಕೇಳಿತು. ಈ ದನಿ ಎಲ್ಲೋ ಕೇಳಿದ್ದೇನಲ್ಲ? ಅಂಗಡಿಯಲ್ಲಿ ಮುಸುಕು ಹಾಕಿಕೊಂಡು ಹಾಡಿದ್ದಳಲ್ಲ, ಅದೇ! ಕಣ್ಣು ಬಿಟ್ಟು ನೋಡಿದರೆ ಎದುರಿಗೇ ನನ್ನ ಕೌದಿ.

ಮೊಣಕಾಲಿನ ನೋವು ಮರೆತು ಓಡಿದೆ. ಕೌದಿಯನ್ನು ಎಳೆದು ಬಗಲಲ್ಲಿ ಇಟ್ಟುಕೊಂಡು, “ಈಗ ಬಾರ್ಸು ಯವ್ವಾ,” ಎಂದೆ.

ಎಲ್ಲರೂ ನನ್ನ ಬಗಲಿನ ಕೌದಿ ನೋಡಿದರು. ಆಮೇಲೆ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಈ ಬಿಸಿಲಾಗ ಬಾಕ್ಸಿಗಿ ಚಳಿ ಬಂದಿತ್ತೇನ್ರೀ ಅಮ್ಮಾರ?”

“ಚಳಿ ಅಲ್ರೀ, ನಿಮ್ಮ ಮಂದಿ ಕಣ್ಣು!” ಎಂದೆ. ಬಾಗಿಲಲ್ಲಿದ್ದವರು ತಮ್ಮ ಕಣ್ಣುಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡರು. ಕವಿತಾಳದವರೂ ನಕ್ಕರು. ಮೊಮ್ಮಗಳೂ ನಕ್ಕಳು. ಆ ನಗುವಿನಲ್ಲಿ ಅವಳ ಹೆದರಿಕೆ ಹೋಯಿತು, ಅದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ನುಡಿಸಿದಳು ನೋಡಿ! ಒಂದು ಹಾಡಿಗೆ ಮೆಲ್ಲಗೆ, ಇನ್ನೊಂದಕ್ಕೆ ಗಡಸಾಗಿ. ಹಾಡುವವಳು ನಿಂತ ಕಡೆ ಇವಳು ತುಂಬಿದಳು, ಅವಳು ಹಾಡಿದ ಕಡೆ ಇವಳು ಹಿಂದೆ ಸರಿದಳು. ಯಜಮಾನರು ನಗುವುದನ್ನು ಬಿಟ್ಟು ತಲೆ ತೂಗುತ್ತ ಕೂತರು. ಮುಗಿದ ಮೇಲೆ ಕವಿತಾಳದವರೇ ಮೊದಲು ಚಪ್ಪಾಳೆ ಹೊಡೆದರು, ಅವರ ಮನಸ್ಸು ದೊಡ್ಡದು. “ಮುಂದಿನ ವಾರದಿಂದ ಬಾ ಯವ್ವಾ,” ಎಂದರು ಯಜಮಾನರು. “ಆಯೀನೂ ಕರ್ಕೊಂಡು ಬಾ. ಕೌದಿ ಮಾತ್ರ ಮನ್ಯಾಗಿಟ್ಟು ಬರ್ರಿ.”

ಸಂಜೆ ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿದೆ. ಸೊಸೆ ಹೋಳಿಗೆ ಮಾಡಿದಳು, ನಾನು ರೊಟ್ಟಿ ಬಡಿದೆ. ಸುದ್ದಿ ಕೇಳಿದ ತಮ್ಮ ದೇವದುರ್ಗದಿಂದ ಸಿಕ್ಕ ಬಸ್ಸು ಹತ್ತಿ ಬಂದಿದ್ದ. ಮಗನಿಗೆ ಅವತ್ತು ರಜೆ. “ಇವತ್ತು ಹೆಡ್‌ಫೋನ್ ಬ್ಯಾಡ, ನಾ ಎಚ್ಚರ ಅದೀನಿ,” ಎಂದ. ಮೊಮ್ಮಗಳು ಒಂದು ಹಾಡು ನುಡಿಸಿದಳು. ತನ್ನ ಮನೆಯಲ್ಲೇ ಇಷ್ಟು ದಿನ ಇದ್ದದ್ದನ್ನು ಅವನು ಅವತ್ತು ಮೊದಲ ಸಲ ಕೇಳಿದ. ಹಾಡು ಮುಗಿದೊಡನೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

“ಯಪ್ಪಾ, ಉಣ್ಣಾಕ ಬಾ,” ಎಂದೆ. ಹಾಸಲು ಚಾಪೆ ಹುಡುಕಾಡುತ್ತಿದ್ದಾಗ ಮೊಮ್ಮಗಳು ಆ ಕೌದಿಯ ಹೊಲಿಗೆ ಬಿಚ್ಚಿ ನೆಲಕ್ಕೆ ಹಾಸಿಬಿಟ್ಟಳು. ಕರೀ ತುಂಡಿನ ಮೇಲೆ ನನ್ನ ತಮ್ಮ ಕೂತ. ಎಲ್ಲರೂ ಒತ್ತೊತ್ತಾಗಿ ಕೂತು, ಹೋಳಿಗೆಗೆ ತುಪ್ಪ ಸುರಿದುಕೊಂಡು, ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಉಂಡೆವು. ತುಪ್ಪ ಕೌದಿಯ ಮೇಲೆ ಚೆಲ್ಲಿತು. ನಾನು ಇನ್ನೊಂದು ಹೋಳಿಗೆ ಬಡಿಸಿದೆ.